ಶಿರಾಲಿಯಲ್ಲಿ ಸಾರು ಬಡಿಸಿದವನು

ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡುವುದು ಸರಿಯಲ್ಲ ಎಂದು ನನಗೂ ಗೊತ್ತು. ಏನು ಮಾಡಲಿ, ಆಗುತ್ತದೆ. ಅವನು ಹೋಗಿ ಒಂದೂವರೆ ತಿಂಗಳಾಯಿತು. ಬದುಕಿದ್ದಾಗ ಅವನ ಮೇಲಿದ್ದ ಹೊಟ್ಟೆಕಿಚ್ಚು ಇವತ್ತಿಗೂ ಒಂದು ಚೂರು ಕಡಿಮೆಯಾಗಿಲ್ಲ. ನಮ್ಮೂರಲ್ಲಿ ಯಾರಿಗೆ ಹೇಳಿದರೂ ನಂಬಲಿಕ್ಕಿಲ್ಲ. “ಸಾರಣ್ಣನ ಮೇಲೆ ಹೊಟ್ಟೆಕಿಚ್ಚೋ? ನಿಂಗೆ ಬೇರೆ ಯಾರೂ ಸಿಗ್ಲಿಲ್ವಾ ಮಾರಾಯಾ?” ಎಂದು ನಗುತ್ತಾರೆ. ನಾನು ಏನು ಹೇಳಿದರೂ ಅವರು ನಗುತ್ತಾರೆ, ಅದು ಬೇರೆ ಮಾತು.

ಸಾರಣ್ಣ ಅವನ ಹೆಸರಲ್ಲ. ಅಪ್ಪ ಅಮ್ಮ ಇಟ್ಟ ಚೆಂದದ ಹೆಸರೊಂದಿತ್ತು, ದೇವರ ಹೆಸರು. ಅದು ಹೊನ್ನಾವರದ ಸರ್ವೆ ಆಫೀಸಿನ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಹಿರೇಗುತ್ತಿಯ ಹತ್ತಿರದ ನಮ್ಮ ಊರಲ್ಲಿ ಅವನು ಸಾರಣ್ಣ. ಈಗ ಹೈಸ್ಕೂಲಿಗೆ ಹೋಗುವ ಮಕ್ಕಳು ಕೂಡ ಹಾಗೇ ಕರೆಯುತ್ತಿದ್ದರು, ಯಾಕೆ ಎಂದು ಗೊತ್ತಿಲ್ಲದೆ.

ಸಪೂರ ಮನುಷ್ಯ. ಉದ್ದ ಬೆರಳು. ಅಂಗಿಯ ಜೇಬಿನಲ್ಲಿ ಎರಡು ಪೆನ್ನು, ಕಾಲರಿನ ಹಿಂದೆ ಮಡಚಿಟ್ಟ ಕರ್ಚೀಪು. ರಸ್ತೆಯಲ್ಲಿ ನಡೆಯುವಾಗ ತೀರ ಅಂಚಿನಲ್ಲಿ ನಡೆಯುತ್ತಿದ್ದ, ಗಾಡಿ ಬರಲಿ ಬರದಿರಲಿ. ಯಾರು ಏನು ಹೇಳಿದರೂ “ಅದೂ ಒಂದು ಹೌದು” ಅನ್ನುವವನು. ಜಗಳ ಬಿಡಿಸಲು ಹೋದರೆ ಇಬ್ಬರಿಗೂ ಅದನ್ನೇ ಹೇಳಿ ಇಬ್ಬರಿಂದಲೂ ಬೈಸಿಕೊಂಡು ಬರುತ್ತಿದ್ದ. ಆದರೆ ಕೆಲಸ ಮಾತ್ರ ಎಂಥದ್ದು! ಆಫೀಸಿನಲ್ಲಿ ಜಮೀನಿನ ನಕ್ಷೆ ಬರೆಯುತ್ತಿದ್ದ. ನನ್ನ ಮನೆಯ ಜಾಗದ ನಕ್ಷೆಯನ್ನು ಒಮ್ಮೆ ನನ್ನೆದುರೇ ಬರೆದುಕೊಟ್ಟಿದ್ದ. ಎರಡೂ ಅಂಗೈಯನ್ನು ಒಮ್ಮೆ ಟವೆಲಿಗೆ ಒರೆಸಿಕೊಂಡ, ಪೆನ್ನು ತಗೊಂಡ, ಪಟ್ಟಿ ಇಲ್ಲದೆ ಗೆರೆ ಎಳೆದ. ಆಮೇಲೆ ನಾನು ಪಟ್ಟಿ ಇಟ್ಟು ನೋಡಿದೆ. ಸೊಟ್ಟ ಇರಲಿಲ್ಲ. ಇದ್ದಿದ್ದರೆ ಊರಿಗೆಲ್ಲ ಹೇಳುತ್ತಿದ್ದೆ.

ಇಂಥ ಕೈಯವನಿಗೆ ನಮ್ಮೂರು ಸಾರಿನ ಬಕೆಟ್ಟು ಕೊಡುತ್ತಿರಲಿಲ್ಲ. ಇದು ಹೊರಗಿನವರಿಗೆ ದೊಡ್ಡ ವಿಷಯ ಅನಿಸಲಿಕ್ಕಿಲ್ಲ. ನಮಗೆ ದೊಡ್ಡದೇ. ನಮ್ಮ ಕಡೆ ಊರಿನಲ್ಲೊಂದು ಮದುವೆ, ಮುಂಜಿ ಎಂದರೆ ಅಡುಗೆಗೆ ಮಾತ್ರ ಜನ ಕರೆಸುತ್ತೇವೆ, ಬಡಿಸುವುದು ಊರವರದ್ದೇ. ಈಗ ಕುಮಟೆಯ ಕಲ್ಯಾಣ ಮಂಟಪಗಳಲ್ಲಿ ಎಲ್ಲರೂ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವ ಬಫೆ ಬಂದಿದೆ. ಊರಲ್ಲಿ ನಾವಿನ್ನೂ ಎಲೆ ಹಾಕಿ ನೆಲದ ಮೇಲೆ ಪಂಕ್ತಿ ಕೂರಿಸುತ್ತೇವೆ. ಯಾರು ಯಾವುದನ್ನು ಬಡಿಸಬೇಕು ಎಂದು ಯಾರೂ ಬರೆದಿಟ್ಟಿಲ್ಲ, ಎಲ್ಲರಿಗೂ ಗೊತ್ತು. ಅನ್ನ ಗಟ್ಟಿ ರಟ್ಟೆಯವರಿಗೆ. ತುಪ್ಪ ಹಿರಿಯರಿಗೆ. ಸಾರು ಮಾತ್ರ ಕೈ ಪಳಗಿದವರಿಗೆ. ಎಡಗೈಯಲ್ಲಿ ಹೊಗೆಯಾಡುವ ಬಕೆಟ್ಟು, ಬಲಗೈಯಲ್ಲಿ ಸೌಟು, ಬಗ್ಗಿಕೊಂಡೇ ಮುಂದೆ ಹೋಗಬೇಕು. ಅನ್ನದಲ್ಲಿ ಮಾಡಿಕೊಂಡ ಗುಂಡಿಗೇ ಬೀಳಬೇಕು, ಎಲೆ ದಾಟಬಾರದು, ಕೂತವನ ತೊಡೆ ಮುಟ್ಟಬಾರದು. ನಲವತ್ತು ವರ್ಷದಿಂದ ನಮ್ಮೂರಲ್ಲಿ ಸಾರು ನನ್ನದು.

ಅವನೂ ನಾನೂ ಒಂದೇ ವಾರಗೆಯವರು. ಇಪ್ಪತ್ತೆರಡು ವರ್ಷದವರಿದ್ದಾಗ ಒಂದು ಮದುವೆಯಲ್ಲಿ ಇಬ್ಬರ ಕೈಗೂ ಮೊದಲ ಬಾರಿ ಸಾರು ಬಂತು. ಆಚೆ ಸಾಲು ಅವನಿಗೆ, ಈಚೆ ಸಾಲು ನನಗೆ. ಆಚೆ ಸಾಲಿನಲ್ಲಿ ಗಂಡಿನ ಕಡೆಯವರು. ಗಂಡಿನ ಸೋದರಮಾವನ ಮೊಣಕಾಲ ಮೇಲೆ ಅರ್ಧ ಸೌಟು ಸಾರು ಬಿತ್ತು. ಅಷ್ಟೇ ಆದದ್ದು. ಮಾವ “ಅಯ್ಯೋ” ಅಂದರು, ಪಂಚೆ ಕೊಡವಿದರು, ಊಟ ಮುಂದುವರಿಸಿದರು. ಮಜ್ಜಿಗೆಯ ತನಕ ಎಲೆ ಬಿಟ್ಟು ಏಳಲಿಲ್ಲ. ನಾನು ಈಚೆ ಸಾಲಿನಿಂದ ಕಣ್ಣಾರೆ ನೋಡಿದ್ದೇನೆ.

ಅದನ್ನು ಕತೆ ಮಾಡಿದವನು ನಾನು. ಕತೆ ಹೇಳುವುದು ನನಗೆ ಬರುತ್ತದೆ, ಊರಿಗೆ ಅದು ಬೇಕು. ಮೊದಲ ವರ್ಷ ಮಾವ ಎದ್ದು ನಿಂತರು. ಮರುವರ್ಷ ಕುಣಿದರು. ಮೂರನೆಯ ಮದುವೆಯ ಹೊತ್ತಿಗೆ ಅವರು ಪಂಚೆ ಬಿಚ್ಚೆಸೆದು ಬಾವಿಕಟ್ಟೆಗೆ ಓಡಿದ್ದರು, ಹಿಂದೆ ಗಂಡಿನ ತಾಯಿ, ಅವಳ ಹಿಂದೆ ವಾದ್ಯದವರು. ಜನ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವನೂ ನಗುತ್ತಿದ್ದ. “ಅದೂ ಒಂದು ಹೌದು” ಅನ್ನುತ್ತಿದ್ದ. ಸಾರಣ್ಣ ಎಂಬ ಹೆಸರು ಆಗ ಅಂಟಿದ್ದು.

ಆಮೇಲೆ ಅವನಿಗೆ ಉಪ್ಪು. ಉಪ್ಪು ಬಡಿಸುವವನನ್ನು ಯಾರೂ ತಲೆಯೆತ್ತಿ ನೋಡುವುದಿಲ್ಲ, ಯಾಕೆಂದರೆ ಉಪ್ಪು ಬಡಿಸುವಾಗ ಜನ ಇನ್ನೂ ಕೂತೇ ಇರುವುದಿಲ್ಲ. ಒಂದು ಸಲ, ಅವನ ತಮ್ಮನ ಮಗಳ ಮದುವೆಯಲ್ಲಿ, ಅವನು ನನ್ನ ಹತ್ತಿರ ಬಂದ. ಬಕೆಟ್ಟಿನ ಮೇಲೆ ಕೈಯಿಟ್ಟ.

“ಇವತ್ತು ಒಂದು ಸಾಲು ನಾ ತಗೊಳ್ತೆ. ನಮ್ಮನೆ ಮದುವೆ ಅಲ್ವ?”

“ತಗೋ ಮಾರಾಯಾ, ನಂದೆಂತ ಹೋಗ್ತದೆ?” ಎಂದು ಕೊಟ್ಟೆ. ಕೊಟ್ಟವನು ಸುಮ್ಮನಿರಬೇಕಿತ್ತು. “ಹೋಯ್, ಸಾರಣ್ಣ ಬಂದ, ಎಲ್ಲ ಪಂಚೆ ಎತ್ಕೊಳ್ಳಿ!” ಎಂದು ಕೂಗಿದೆ. ಎಲ್ಲ ಎತ್ತಿಕೊಂಡರು. ಒಬ್ಬ ಮುದುಕರು ಎಲೆಗೆ ಎರಡೂ ಕೈ ಅಡ್ಡ ಹಿಡಿದರು. ಇನ್ನೊಬ್ಬ ಎಲ್ಲಿಂದಲೋ ಕೊಡೆ ತಂದು ಬಿಚ್ಚಿದ. ನೂರು ಕಣ್ಣು ಆ ಸೌಟಿನ ಮೇಲೆ. ನಾಲ್ಕನೆಯ ಎಲೆಗೆ ಬರುವಾಗ ಸೌಟು ಬಕೆಟ್ಟಿನ ಬಾಯಿಗೆ ಬಡಿದು ಟಕಟಕ ಅನ್ನುತ್ತಿತ್ತು. ಐದನೆಯ ಎಲೆಯ ಪಕ್ಕ ಚೆಲ್ಲಿತು. “ನಾ ಹೇಳ್ಲಿಲ್ವಾ!” ಎಂದು ಇಡೀ ಚಪ್ಪರ ಎದ್ದಿತು. ಊರಿಗೆ ಎಷ್ಟು ಖುಷಿ ಎಂದರೆ, ಅವನು ಚೆಲ್ಲದೆ ಮುಗಿಸಿದ್ದರೆ ಎಲ್ಲರಿಗೂ ಊಟವೇ ಸಪ್ಪೆಯಾಗುತ್ತಿತ್ತು. ಬಕೆಟ್ಟು ನನಗೆ ಕೊಟ್ಟು ಅವನು ಉಪ್ಪಿನ ಬಟ್ಟಲು ತಗೊಂಡ.

ನನ್ನ ಪಾಡೂ ಇಲ್ಲಿ ಹೇಳಿಬಿಡಬೇಕು. ಕುಮಟೆಯ ಬಸ್‌ಸ್ಟ್ಯಾಂಡಿನ ಎದುರು ನನ್ನದೊಂದು ಝೆರಾಕ್ಸ್ ಅಂಗಡಿ, ಮದುವೆ ಕಾಗದವನ್ನೂ ಅಚ್ಚು ಹಾಕಿಸಿ ಕೊಡುತ್ತೇನೆ. ನನ್ನನ್ನು ಕಂಡರೆ ಜನರ ಮುಖದಲ್ಲಿ ನಗು ಮೊದಲು ಬರುತ್ತದೆ, ಮಾತು ಆಮೇಲೆ. ಹರೆಯದಲ್ಲಿ ಅದು ಚೆನ್ನಾಗಿತ್ತು. ಆಮೇಲೆ ಅದರಿಂದ ಇಳಿಯಲಿಕ್ಕೆ ಮೆಟ್ಟಿಲು ಇಲ್ಲ ಎಂದು ಗೊತ್ತಾಯಿತು. ಊರಿನ ಸಭೆಯಲ್ಲಿ ಒಮ್ಮೆ ಶಾಲೆಯ ಬಾವಿಯ ಬಗ್ಗೆ ಎದ್ದು ಮಾತಾಡಿದೆ. ಮಕ್ಕಳು ಕುಡಿಯುವ ನೀರಿನ ವಿಷಯ. “ನೋಡಿ” ಅಂದೆನಷ್ಟೆ, ಎಲ್ಲ ನಕ್ಕರು. ಕೂತುಬಿಟ್ಟೆ.

ಇನ್ನೊಂದು ದಿನ ಮಧ್ಯಾಹ್ನ ಅಮ್ಮನಿಗೆ ಎದೆನೋವು. ಗಾಡಿ ಇರುವ ಗೆಳೆಯನಿಗೆ ಫೋನು ಮಾಡಿದೆ. “ಅಮ್ಮಂಗೆ ಎದೆನೋವು, ಬೇಗ ಗಾಡಿ ತಗೊಂಡು ಬಾ” ಅಂದರೆ ಅವನು, “ಇದೆಂತ ಹೊಸ ನಾಟ್ಕ ನಿಂದು?” ಎಂದು ನಗುತ್ತಿದ್ದಾನೆ. ಎರಡನೆಯವನೂ ಹಾಗೇ. ಮೂರನೆಯದು ಸಾರಣ್ಣನಿಗೆ ಮಾಡಿದ್ದು. ಅವತ್ತು ರಜೆ, ಮನೆಯಲ್ಲಿದ್ದ. ಅವನು “ಎಂತ” ಎಂದೂ ಕೇಳಲಿಲ್ಲ. “ಆತು, ಬಂದೆ” ಅಂದ. ಎಲ್ಲಿಂದಲೋ ಒಂದು ವ್ಯಾನು ಹಿಡಿದುಕೊಂಡು ಹತ್ತು ನಿಮಿಷಕ್ಕೆ ಬಂದ. ಅಮ್ಮ ಉಳಿದಳು. ಇಡೀ ಊರಲ್ಲಿ ನನ್ನ ಮಾತನ್ನು ಮಾತು ಎಂದು ಕೇಳಿದವನು ಅವನೊಬ್ಬನೇ. ಇದಾದ ಮೇಲೂ ನಾನು ಮಾಡಿದ್ದು ಕೇಳಿ.

ಅವನಿಗೆ ಹೆಣ್ಣು ಭಟ್ಕಳ ತಾಲೂಕಿನ ಶಿರಾಲಿಯದು. ಅಲ್ಲಿಗೆ ತುಂಬ ಹೋಗುತ್ತಿದ್ದ. ಮದುವೆ ಇರಲಿ, ಸತ್ಯನಾರಾಯಣ ಪೂಜೆ ಇರಲಿ, ಹಿಂದಿನ ದಿನವೇ ಹೊರಡುತ್ತಿದ್ದ. ಬರುವಾಗ ಭಟ್ಕಳ ಮಲ್ಲಿಗೆಯ ಎರಡು ಮೊಳ ತಂದು ನನ್ನ ಹೆಂಡತಿಗೂ ಒಂದು ತುಂಡು ಕೊಡುತ್ತಿದ್ದ. “ಹೆಂಡ್ತಿ ಊರು ಅಂದ್ರೆ ಕಾಲಿಗೆ ಚಕ್ರ ಬರ್ತದೆ ಇವಂಗೆ” ಎಂದು ನಾವು ಆಡಿಕೊಳ್ಳುತ್ತಿದ್ದೆವು. ಆದರೆ ಅವನ ಮದುವೆಯಾದ ಮೇಲಿನ ಇಪ್ಪತ್ತೈದು ವರ್ಷದಲ್ಲಿ ನಮ್ಮಲ್ಲಿ ಒಬ್ಬರನ್ನೂ ಅಲ್ಲಿಯ ಒಂದು ಕಾರ್ಯಕ್ಕೂ ಕರೆದಿರಲಿಲ್ಲ. ಅದು ಯಾಕೆ ಎಂದು ಯಾರಿಗೂ ಹೊಳೆದಿರಲಿಲ್ಲ.

ಎಂಟು ವರ್ಷದ ಹಿಂದೆ ಅವನ ಹೆಂಡತಿಯ ಅಣ್ಣ ಮಗಳ ಮದುವೆ ಕಾಗದ ಮಾಡಿಸಲು ನನ್ನ ಅಂಗಡಿಗೇ ಬಂದ. ಒಳ್ಳೆಯ ಮನುಷ್ಯ. “ನೀವೂ ಭಾವನ ಊರಿನವ್ರಾ! ಹಾಂಗಾರೆ ನೀವು ಬರ್ಲೇಬೇಕು” ಎಂದು ಒಂದು ಕಾಗದ ನನ್ನ ಕೈಗೇ ಕೊಟ್ಟ. ಹೋದೆ. ಹೊನ್ನಾವರದಲ್ಲಿ ಬಸ್ಸು ಬದಲಿಸಿ, ಶಿರಾಲಿಯಲ್ಲಿ ಹೆದ್ದಾರಿಯಲ್ಲೇ ಇಳಿದು, ಚಪ್ಪರ ಸೇರುವಾಗ ಮೊದಲ ಪಂಕ್ತಿಗೆ ಎಲೆ ಹಾಕುತ್ತಿದ್ದರು. ಕೂತೆ.

ಒಳಗಿನಿಂದ ಒಂದು ದನಿ. “ಸಾರು, ಸಾರು, ಸಾರೂ... ಕಾಲು ಒಳಗೆ ತಗೊಳ್ಳಿ, ಬಿಸಿ ಇದ್ದು!” ದೊಡ್ಡ ದನಿ, ಯಜಮಾನಿಕೆಯ ದನಿ. ಯಾರದಪ್ಪಾ ಇದು ಎಂದು ನೋಡಿದರೆ ಅವನು. ಎರಡೂ ಅಂಗೈ ಟವೆಲಿಗೆ ಒರೆಸಿಕೊಂಡು ಬಕೆಟ್ಟು ಎತ್ತಿದ. ಒಂದು ಹೆಜ್ಜೆಗೆ ಒಂದು ಎಲೆ. ನಿಲ್ಲಲಿಲ್ಲ, ಓಡಲಿಲ್ಲ. “ಅಜ್ಜಂಗೆ ತಿಳಿ ಸಾಕಲ್ದಾ? ನಿಂಗೆ ಅಡಿದು ಬೇಕು, ಗೊತ್ತುಂಟು ಗೊತ್ತುಂಟು.” ಮಾತಾಡುತ್ತಲೇ ಬಡಿಸುತ್ತಿದ್ದ, ಕೈ ನೋಡುತ್ತಲೂ ಇರಲಿಲ್ಲ. ಅನ್ನ ತರುವವನಿಗೆ ಕಣ್ಣಲ್ಲೇ ಸನ್ನೆ, ಪಲ್ಯದವನಿಗೆ ಒಂದು ಗದರು. ನಾಲ್ಕೂ ಕಡೆಯಿಂದ “ದೊಡ್ ಭಾವ, ಇಲ್ಲಿ”, “ದೊಡ್ ಭಾವ, ಈಚೆ ಬನ್ನಿ”. ನಾಲ್ಕು ಸಾಲು ಮುಗಿಯಿತು, ನೆಲದ ಮೇಲೆ ಒಂದು ತೊಟ್ಟು ಇಲ್ಲ. ಸಾರಿನಲ್ಲಿ ಪಳಗಿದವನು ನಾನು, ನನಗೆ ಗೊತ್ತಾಗುತ್ತದೆ. ನನಗಿಂತ ಚೆನ್ನಾಗಿ ಬಡಿಸುತ್ತಿದ್ದ. ಬಹಳ ಚೆನ್ನಾಗಿ.

ನನ್ನ ಎಲೆಗೆ ಬಂದ. ನನ್ನನ್ನು ನೋಡಿದ. ಮುಖದ ಬಣ್ಣ ಹೋಯಿತು. ಕೈ ಮಾತ್ರ ಅಲುಗಲಿಲ್ಲ, ಸಾರು ಗುಂಡಿಗೇ ಬಿತ್ತು. ಇನ್ನೂ ಬಗ್ಗಿ, ನನ್ನ ಕಿವಿಗೆ ಮಾತ್ರ ಕೇಳುವ ಹಾಗೆ ಹೇಳಿದ.

“ಇಲ್ಲಿ ಬೇಡ ಮಾರಾಯಾ.”

“ಆತು” ಅಂದೆ.

ಆತು ಎಂದು ಹೇಳಿದವನ ಹೊಟ್ಟೆಯಲ್ಲಿ ಆಗ ಏನಾಗುತ್ತಿತ್ತು ಗೊತ್ತೇ? ಉರಿ. ಅವನು ಚೆನ್ನಾಗಿ ಬಡಿಸುತ್ತಾನೆ ಎಂಬುದಕ್ಕೆ ಉರಿ ಸ್ವಲ್ಪ, ಅದನ್ನು ನುಂಗಬಹುದಿತ್ತು. ಎರಡು ಬಸ್ಸಿನ ದಾರಿಯಲ್ಲಿ ಅವನಿಗೆ ಇನ್ನೊಂದು ಊರು ಸಿಕ್ಕಿತ್ತಲ್ಲ, ಅವನು ಯಾರು ಎಂದು ಮೊದಲೇ ತೀರ್ಮಾನ ಮಾಡಿರದ ಊರು, ಅದನ್ನು ನುಂಗಲಾಗಲಿಲ್ಲ. ಹೊಸ ಅಳಿಯನಾಗಿ ಬಂದ ಮೊದಲ ಕಾರ್ಯದಲ್ಲಿ ಯಾರೋ ಏನೂ ತಿಳಿಯದೆ ಅವನ ಕೈಗೆ ಸಾರಿನ ಬಕೆಟ್ಟು ಕೊಟ್ಟರಂತೆ. ಯಾರೂ ಪಂಚೆ ಎತ್ತಿಕೊಳ್ಳಲಿಲ್ಲ. ಅವನು ಚೆಲ್ಲಲಿಲ್ಲ. ಅಷ್ಟೇ ಸುಲಭ! ನನಗೆ ಯಾವ ಶಿರಾಲಿ ಇದೆ? ನಾನು ಅಂಗಡಿಯಿಂದ ಮನೆಗೆ, ಮನೆಯಿಂದ ಅಂಗಡಿಗೆ. ಎಲ್ಲಿ ಹೋದರೂ ನಗುವವರು ನನಗಿಂತ ಮುಂಚೆ ಹೋಗಿ ಕೂತಿರುತ್ತಾರೆ.

ಆದರೂ ಸುಮ್ಮನಿರುತ್ತಿದ್ದೆನೇನೋ. ಊಟವಾಗಿ ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತ ಹತ್ತು ಹನ್ನೆರಡು ಜನ ಕೂತಿದ್ದೆವು. ಮದುಮಗಳ ಅಪ್ಪ ನನ್ನನ್ನು ಎಲ್ಲರಿಗೂ ಪರಿಚಯ ಮಾಡಿಸಿದ. “ಇವ್ರೂ ದೊಡ್ ಭಾವನ ಊರಿನವ್ರು. ಊರಲ್ಲಿ ಬಡಿಸ್ತ್ರಂತೆ.” ಅಲ್ಲಿದ್ದ ಒಬ್ಬ ಹಿರಿಯರು ನನ್ನ ಕಡೆ ತಿರುಗಿ ಬಹಳ ಗೌರವದಿಂದ ಕೇಳಿದರು.

“ಹೌದಾ? ನೀವೂ ಇವ್ರ ಹತ್ರವೇ ಕಲ್ತದ್ದಾ?”

ಮುಗಿಯಿತು. ಬಾಯಲ್ಲಿದ್ದ ಎಲೆ ಉಗುಳಿ ಬಂದು ಕೂತೆ. ಅರ್ಧ ಸೌಟಿನಿಂದ ಶುರುಮಾಡಿ ಬಾವಿಕಟ್ಟೆಯ ತನಕ, ವಾದ್ಯದವರು, ಕೊಡೆ, ಸಾರಣ್ಣ ಎಂಬ ಹೆಸರು, ಒಂದನ್ನೂ ಬಿಡದೆ ಹೇಳಿದೆ. ಅಷ್ಟು ಚೆನ್ನಾಗಿ ನಾನು ಯಾವತ್ತೂ ಹೇಳಿರಲಿಲ್ಲ. ಜಗಲಿಯ ಮೇಲೆ ಉರುಳಾಡಿ ನಕ್ಕರು. ನಗುವಿನ ಸದ್ದಿಗೆ ಇನ್ನೂ ನಾಲ್ಕು ಜನ ಬಂದರು, ಅವರಿಗಾಗಿ ಇನ್ನೊಮ್ಮೆ ಹೇಳಿದೆ.

ಎರಡನೆಯ ಪಂಕ್ತಿಗೆ ಅವನು ಬಕೆಟ್ಟು ಹಿಡಿದು ಹೊರಗೆ ಬಂದಾಗ ಒಬ್ಬ, ಪ್ರೀತಿಯಿಂದಲೇ, “ದೊಡ್ ಭಾವ, ಪಂಚೆ ಎತ್ಕೊಳ್ಬೇಕಾ ಹ್ಯಾಂಗೆ?” ಅಂದ. ಸಾಲಿಗೆ ಸಾಲೇ ನಕ್ಕಿತು. ಅವನು ಹೇಳಿದವನನ್ನು ನೋಡಲಿಲ್ಲ. ಜಗಲಿಯ ಕಡೆ, ನನ್ನನ್ನು ನೋಡಿದ. ಆಮೇಲೆ ಬಗ್ಗಿದ. ಮೊದಲ ಎಲೆ ಸರಿಯಾಯಿತು. ಎರಡನೆಯದಕ್ಕೆ ಆ ಟಕಟಕ ಕೇಳಿತು. ಮೂರನೆಯ ಎಲೆ ದಾಟಿ ಸಾರು ಚಾಪೆಯ ಮೇಲೆ ಹರಿಯಿತು. ಶಿರಾಲಿಯವರು ನಮ್ಮೂರವರ ಹಾಗೆ ಕೂಗಲಿಲ್ಲ. ಒಬ್ಬ ಎದ್ದು ಅವನ ಬೆನ್ನು ತಟ್ಟಿದ, ಇನ್ನೊಬ್ಬ ಬಕೆಟ್ಟು ಇಸಕೊಂಡ. “ಸಾಕು ಭಾವ, ವಯಸ್ಸಾತು, ನೀವು ಕೂತ್ಕೊಳ್ಳಿ” ಅಂದರು.

ಸಂಜೆ ಒಂದೇ ಬಸ್ಸಿನಲ್ಲಿ ಬಂದೆವು. ಅವನ ಹೆಂಡತಿ ತವರಲ್ಲಿ ಉಳಿದಿದ್ದಳು. ಪಕ್ಕದಲ್ಲಿ ಜಾಗ ಇತ್ತು, ಬಂದು ನನ್ನ ಪಕ್ಕದಲ್ಲೇ ಕೂತ. ಬೇರೆ ಕಡೆ ಕೂರಬಹುದಿತ್ತು. ಅವನು ಬೈಯುತ್ತಾನೆ ಎಂದು ಕಾದೆ. ಬೈದರೆ ತಿರುಗಿ ಬೈಯಲು ಮಾತು ಜೋಡಿಸಿಟ್ಟುಕೊಂಡಿದ್ದೆ. ಶರಾವತಿ ಸೇತುವೆ ಬಂದಾಗ, “ಇಪ್ಪತ್ತೈದು ವರ್ಷ ಆಗಿತ್ತು” ಅಂದ.

“ಎಂತ?”

“ಎಂತ ಇಲ್ಲೆ.”

ಹೊನ್ನಾವರದಲ್ಲಿ ಇಳಿದು, ನನಗೊಂದು ಚಾ ತಂದುಕೊಟ್ಟ. ಆ ಚಾ ಕುಡಿದೆ. ನಾಚಿಕೆಯಿಲ್ಲದವನು ನಾನು.

ಆಮೇಲೆ ಅವನು ಶಿರಾಲಿಗೆ ಹಿಂದಿನ ದಿನ ಹೊರಡುವುದನ್ನು ಬಿಟ್ಟ. ಮದುವೆಯ ದಿನ ಹೋಗಿ, ಮುಹೂರ್ತಕ್ಕೆ ಅಕ್ಷತೆ ಹಾಕಿ, ಎರಡನೆಯ ಪಂಕ್ತಿಯಲ್ಲಿ ಉಂಡು ಬರುತ್ತಿದ್ದನಂತೆ. ಆಫೀಸಿನಲ್ಲಿ ಗೆರೆ ಮಾತ್ರ ನಿವೃತ್ತಿಯ ದಿನದವರೆಗೂ ನೆಟ್ಟಗೇ ಎಳೆದ. ನಮ್ಮೂರಿನಲ್ಲಿ ಉಪ್ಪು ಬಡಿಸಿದ. ಎದುರಾದರೆ ನನ್ನ ಜತೆ ಮೊದಲಿನ ಹಾಗೇ ಮಾತಾಡಿದ. ಆ ಮೊದಲಿನ ಹಾಗೇ ಇರುವ ಮಾತಿಗೂ ನನಗೆ ಹೊಟ್ಟೆ ಉರಿಯಿತು, ನೋಡಿ. ಅವನ ಜಾಗದಲ್ಲಿ ನಾನಿದ್ದರೆ ಮುಖ ನೋಡುತ್ತಿರಲಿಲ್ಲ. ಎಂಟು ವರ್ಷದಲ್ಲಿ ತಪ್ಪಾಯಿತು ಎಂದು ಹೇಳಲು ನಾಲ್ಕಾರು ಸಲ ಹೋಗಿದ್ದೇನೆ. ಪ್ರತಿ ಸಲ ತಮಾಷೆ ಮಾಡಿ ಬಂದಿದ್ದೇನೆ.

ಹೋದ ತಿಂಗಳು ಅವನ ಹದಿಮೂರನೆಯ ದಿನದ ಊಟ. ಹೃದಯ ನಿಂತು, ಸ್ನಾನಕ್ಕೆ ಹೊರಟವನು ಹಾಗೇ ಹೋಗಿದ್ದ. ಎರಡೂ ಊರಿನವರು ಬಂದಿದ್ದರು. ಊಟವಾಯಿತು. ಸೂತಕ ಕಳೆದು ಮನೆಯವರ ಮುಖದಲ್ಲಿ ನಗು ಬರಲಿ ಎಂದು ಆ ದಿನ ಊಟದ ಮೇಲೆ ಹೋದವರ ಒಂದೆರಡು ಹಳೆಯ ಮಾತು ಆಡುವುದು ನಮ್ಮಲ್ಲಿ ಇದೆ. “ಹೇಳಾ, ಸಾರಣ್ಣನ ಕತೆ ನೀನೇ ಹೇಳ್ಬೇಕು” ಎಂದು ನನ್ನನ್ನು ಎಬ್ಬಿಸಿದರು. ಶಿರಾಲಿಯವರೂ ಮುಂದೆ ಸರಿದು ಕೂತರು. ಅವರಿಗೂ ಈಗ ಅದು ಪ್ರಿಯವಾದ ಕತೆ. ನಾನೇ ಕಲಿಸಿದ್ದಲ್ಲವೇ?

ಎದ್ದು ನಿಂತೆ. ಇವತ್ತು ಹೇಳಿಬಿಡುತ್ತೇನೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

“ಶಿರಾಲಿಲಿ ಅಂವ ಬಡಿಸಿದ್ದು ನಾ ನೋಡಿದ್ದೆ. ನಾಲ್ಕು ಸಾಲು. ಒಂದು ತೊಟ್ಟು ಚೆಲ್ಲಿರ್ಲಿಲ್ಲ.”

ಒಂದು ಮೂಲೆಯಿಂದ ಕಿಸಕ್ಕೆಂದಿತು.

“ನಮ್ಮೂರಲ್ಲಿ ಯಾರಿಗೂ ಆ ಕೈ ಇಲ್ಲ. ನಂಗೂ ಇಲ್ಲ.”

ಎಲ್ಲ ನಕ್ಕರು. ಮುಂದೆ ಬಾವಿಕಟ್ಟೆ ಬರುತ್ತದೆ ಎಂದು ಕಾಯುತ್ತಿದ್ದರು. “ತಮಾಷೆ ಅಲ್ಲ” ಅಂದೆ. ಇನ್ನೂ ಜೋರಾಗಿ ನಕ್ಕರು. “ದೇವರಾಣೆ” ಅಂದೆ. ಒಬ್ಬ ಹೊಟ್ಟೆ ಹಿಡಿದುಕೊಂಡು ಪಕ್ಕದವನ ಮೇಲೆ ಬಿದ್ದ. “ಇವನ ಮುಖ ನೋಡಾ, ಎಷ್ಟು ಸೀರಿಯಸ್ ಮಾಡ್ಕಂಡಿದ್ದ!” ಅಳು ಬಂತು. ಅದನ್ನು ನೋಡಿ ಚಪ್ಪಾಳೆ ತಟ್ಟಿದರು. ಅವನ ಮಕ್ಕಳೂ ಹದಿಮೂರು ದಿನದ ಮೇಲೆ ಮೊದಲ ಬಾರಿ ನಕ್ಕರು. ಇನ್ನೇನು ಹೇಳಲಿ? ಕೂತೆ.

ಅಡುಗೆಮನೆಯ ಬಾಗಿಲಲ್ಲಿ ಅವನ ಹೆಂಡತಿ ನಿಂತಿದ್ದಳು. ಅವಳೊಬ್ಬಳು ನಗುತ್ತಿರಲಿಲ್ಲ. ಜನ ಎದ್ದು ಹೊರಡುವಾಗ ನಾನು ಅವಳ ಹತ್ತಿರ ಹೋದೆ.

“ಅಕ್ಕಾ, ನಾ ಹೇಳಿದ್ದು ಖರೆ. ಅಂವ ಚೆಲ್ಲಿರ್ಲಿಲ್ಲ.”

“ನಂಗೊತ್ತಿಲ್ವಾ ಅಣ್ಣಾ? ಇಪ್ಪತ್ತೈದು ವರ್ಷ ನೋಡಿದ್ದೆ ನಾನು” ಅಂದಳು. ಸಿಟ್ಟಿರಲಿಲ್ಲ. “ನಾನೂ ಇದನ್ನೇ ಇವ್ರಿಗೆ ಎಷ್ಟು ಸಲ ಹೇಳ್ದೆ. ಇವ್ರು ನಂಬ್ಲಿಲ್ಲ. ‘ನನ್ ಕೈ ಮೊದ್ಲಿಂದ್ಲೂ ಸರಿ ಇಲ್ಲ ಕಣೇ, ನಿಮ್ಮೂರವ್ರಿಗೆ ಗೊತ್ತಾಗಿರ್ಲಿಲ್ಲ ಅಷ್ಟೇ’ ಅಂತಿದ್ರು.”